ಪೂರ್ತಿ ಹೆಸರು ಹಿಡಿದು ಕರೆಯೋಣ

(ಬ್ಲಾಕಿನ ಹಳ್ಳಿಗಳ ರೈತರ ಕೂಟದಲ್ಲಿ ಮಾಡಿದ ಭಾಷಣ)



ಇಂಥ ಕೂಟಗಳಲ್ಲಿ ಬೀಜ, ಗೊಬ್ಬರ, ಬದು, ಬಾವಿ, ದನಕರುಗಳ ವಿಷಯವಾಗಿ ಮಾತನಾಡುವುದು ವಾಡಿಕೆ. ಅವೆಲ್ಲ ಬೇಕಾದ ವಿಷಯಗಳೇ. ಆದರೆ ಈ ಹೊತ್ತು ನಾನು ಎತ್ತಿಕೊಂಡಿರುವುದು ಬೇರೊಂದು ವಿಷಯ. ಅದಕ್ಕೆ ಸಾಲ ಬೇಡ, ಸಹಾಯಧನ ಬೇಡ, ಅರ್ಜಿ ಬೇಡ, ಪಹಣಿಯ ನಕಲು ಬೇಡ. ಎರಡೆಕರೆಯವನಿಗೂ ಇಪ್ಪತ್ತೆಕರೆಯವನಿಗೂ ಅದು ಸಮವಾಗಿ ಸಿಕ್ಕಿದೆ. ಅದು ನಮ್ಮ ಬಾಯಿಯ ಮಾತು. ಆ ಮಾತಿನಲ್ಲಿ ದಯೆ ಇಡುವುದು ಹೇಗೆ ಎಂಬುದೇ ಇಂದಿನ ವಿಷಯ.

ಬೇಸಾಯಕ್ಕೂ ಮಾತಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ಉಂಟು. 1952ರ ಅಕ್ಟೋಬರ್ 2ರಂದು, ಗಾಂಧೀಜಿಯವರು ಹುಟ್ಟಿದ ದಿನ, ನಮ್ಮ ದೇಶದಲ್ಲಿ ಸಮುದಾಯ ವಿಕಾಸ ಯೋಜನೆ ಆರಂಭವಾಯಿತು. ಆಗ ಹಳ್ಳಿಗಳಿಗೆ ಬಂದ ಗ್ರಾಮಸೇವಕರ ಕೈಯಲ್ಲಿ ಅಮಲ್ದಾರರ ಅಧಿಕಾರವಿರಲಿಲ್ಲ, ಪೊಲೀಸರ ಲಾಠಿಯೂ ಇರಲಿಲ್ಲ. ಇದ್ದದ್ದು ಒಂದು ನಾಲಿಗೆ ಮಾತ್ರ. 1953ರ ಸುಮಾರಿಗೆ ಜಪಾನೀ ಪದ್ಧತಿಯಲ್ಲಿ ಸಾಲು ಹಿಡಿದು ಬತ್ತ ನಾಟಿ ಮಾಡಬೇಕೆಂಬ ಪ್ರಚಾರ ದೇಶದಲ್ಲೆಲ್ಲ ನಡೆಯಿತು. ಅಜ್ಜನ ಕಾಲದಿಂದ ಬಂದ ಪದ್ಧತಿಯನ್ನು ಬಿಟ್ಟು, ಹಗ್ಗ ಹಿಡಿದು ನಾಟಿ ಮಾಡೆಂದರೆ ಯಾರು ತಾನೆ ಒಪ್ಪುತ್ತಾರೆ? ‘ನಿನಗೇನು ಗೊತ್ತು’ ಎಂದು ಶುರುಮಾಡಿದ್ದರೆ ಒಂದು ಗುಂಟೆ ಗದ್ದೆಯನ್ನೂ ಯಾರೂ ಕೊಡುತ್ತಿರಲಿಲ್ಲ. ‘ನಿಮ್ಮ ಗದ್ದೆಯಲ್ಲಿ ಒಂದು ಮೂಲೆ ಕೊಡಿ, ನೀವೇ ನೋಡಿ ಹೇಳಿ’ ಎಂದು ಕೇಳಬೇಕಾಗಿತ್ತು. ಹಾಗೆ ಕೇಳಬಲ್ಲವನ ಕೆಲಸ ಸಾಗಿತು. ಹಳ್ಳಿಯ ಯಾವ ಕೆಲಸವೇ ಆಗಲಿ, ಕೆರೆ ಹೂಳೆತ್ತುವುದಾಗಲಿ, ಹಾಲಿನ ಸಂಘವಾಗಲಿ, ಮೊದಲು ಮಾತಿನಲ್ಲಿ ಕೂಡಿಬರಬೇಕು, ಆಮೇಲೆ ಮಣ್ಣಿನಲ್ಲಿ.

ಆದರೆ ನಾನು ಹೇಳಬೇಕೆಂದಿರುವುದು ಕೆಲಸ ಮಾಡಿಸಿಕೊಳ್ಳುವ ಜಾಣ ಮಾತಿನ ವಿಷಯವಲ್ಲ. ಕೆಲಸ ಆಗಬೇಕಾದಾಗ ಸಿಹಿಯಾಗಿ ಮಾತನಾಡುವುದು ಎಲ್ಲರಿಗೂ ಗೊತ್ತು. ಬ್ಯಾಂಕಿನ ಮೇಜಿನ ಮುಂದೆ, ಮಂಡಿಯ ವರ್ತಕರ ಮುಂದೆ, ಕಚೇರಿಯ ಗುಮಾಸ್ತರ ಮುಂದೆ ನಮ್ಮ ನಾಲಿಗೆ ಎಷ್ಟು ಮೆದುವಾಗುತ್ತದೆ, ನೋಡಿಕೊಳ್ಳಿ. ‘ಸ್ವಾಮಿ, ತಾವು ದಯವಿಟ್ಟು’ ಎನ್ನುತ್ತೇವೆ. ಅದೇ ದಿನ ಸಂಜೆ ಊರಿಗೆ ಬಂದು, ನಮ್ಮ ಹೊಲದಲ್ಲಿ ಕಳೆ ತೆಗೆಯುತ್ತಿರುವ ಮುದುಕಿಯನ್ನು, ದನ ಮೇಯಿಸುವ ಹುಡುಗನನ್ನು, ಮನೆಯಲ್ಲಿ ಒಲೆ ಊದುತ್ತಿರುವ ಹೆಂಗಸನ್ನು ಹೇಗೆ ಮಾತನಾಡಿಸುತ್ತೇವೆ? ಬೆಳಿಗ್ಗೆ ಮೆದುವಾಗಿದ್ದ ನಾಲಿಗೆಯೇ ಸಂಜೆಗೆ ಗಡುಸಾಗುತ್ತದೆ. ಮೆದುವಾಗಿ ಮಾತನಾಡಲು ಅದಕ್ಕೆ ಬರುವುದಿಲ್ಲ ಎಂದಲ್ಲ; ಎಲ್ಲಿ ಮೆದುವಾಗಬೇಕೆಂದು ಅದು ಲೆಕ್ಕ ಹಾಕಿಕೊಂಡಿದೆ.

ಆದುದರಿಂದ ನಾನು ಹೇಳುವುದು ಒಂದೇ ಮಾತು. ನಮ್ಮ ಮಾತಿನಲ್ಲಿ ದಯೆ ಇದೆಯೋ ಇಲ್ಲವೋ ಎಂಬುದನ್ನು ನಾವು ದೊಡ್ಡವರೊಡನೆ ಆಡುವ ಮಾತಿನಿಂದ ಅಳೆಯಬಾರದು. ನಮಗೆ ತಿರುಗಿ ಮಾತನಾಡಲಾರದವರೊಡನೆ ಹೇಗೆ ಆಡುತ್ತೇವೆ ಎಂಬುದರಿಂದ ಅಳೆಯಬೇಕು.

ನೀನು ಮತ್ತು ನೀವು

ಇಂಗ್ಲಿಷಿನಲ್ಲಿ ರಾಜನಿಗೂ ಆಳಿಗೂ ಎದುರಿಗೆ ಆಡುವ ಮಾತು ಒಂದೇ. ನಮ್ಮ ಕನ್ನಡದಲ್ಲಿ ಹಾಗಲ್ಲ. ನೀನು ಇದೆ, ನೀವು ಇದೆ, ತಾವು ಇದೆ. ಬಾ ಇದೆ, ಬನ್ನಿ ಇದೆ. ಉತ್ತರದ ಜಿಲ್ಲೆಗಳಲ್ಲಿ ಬರ್ರಿ ಇದೆ. ಬಾಯಿ ತೆರೆದ ಕೂಡಲೇ, ಇನ್ನೂ ವಿಷಯ ಶುರುವಾಗುವ ಮೊದಲೇ, ಎದುರಿಗಿರುವವನನ್ನು ಯಾವ ಮೆಟ್ಟಿಲ ಮೇಲೆ ನಿಲ್ಲಿಸಿದ್ದೇವೆ ಎಂಬುದು ಗೊತ್ತಾಗಿಬಿಡುತ್ತದೆ.

ಹಾಗೆಂದು ಏಕವಚನ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹೆತ್ತ ತಾಯಿಯನ್ನು ನೀನು ಎನ್ನುತ್ತೇವೆ. ದೇವರನ್ನು ನೀನು ಎನ್ನುತ್ತೇವೆ. ಜೊತೆಯಲ್ಲಿ ಈಜು ಕಲಿತ ಗೆಳೆಯನನ್ನು ನೀವು ಎಂದರೆ ಅವನು ನೊಂದುಕೊಳ್ಳುತ್ತಾನೆ. ಹಾಗಾದರೆ ಪ್ರೀತಿಯ ಏಕವಚನ ಯಾವುದು, ತಾತ್ಸಾರದ ಏಕವಚನ ಯಾವುದು ಎಂದು ಗುರುತಿಸುವುದು ಹೇಗೆ? ಅದಕ್ಕೊಂದು ಸುಲಭವಾದ ಪರೀಕ್ಷೆ ಇದೆ. ನಾನು ಆಡಿದ ಅದೇ ಮಾತನ್ನು ಎದುರಿನವನು ನನಗೆ ತಿರುಗಿ ಆಡಬಹುದೇ? ಆಡಬಹುದಾದರೆ ಅದು ಸಲಿಗೆ. ಆಡಿದರೆ ನನಗೆ ಸಿಟ್ಟು ಬರುವುದಾದರೆ ಅದು ಸಲಿಗೆಯಲ್ಲ, ದರ್ಪ.

ಹತ್ತು ವರ್ಷದ ಹುಡುಗನೊಬ್ಬ ಜಗಲಿಯ ಮೇಲೆ ಕುಳಿತು, ಅರುವತ್ತು ವರ್ಷದ ಆಳನ್ನು ‘ಬಾರೋ ಇಲ್ಲಿ’ ಎಂದು ಕರೆಯುತ್ತಾನೆ. ಆ ಮುದುಕ ಟವೆಲನ್ನು ಹೆಗಲಿನಿಂದ ತೆಗೆದು ಕಂಕುಳಿಗೆ ಸಿಕ್ಕಿಸಿ ‘ಬಂದೆ ಬುದ್ಧೀ’ ಎನ್ನುತ್ತಾನೆ. ನಮ್ಮ ಅನೇಕ ಊರುಗಳಲ್ಲಿ ಹಿರಿಯರು ಕಣ್ಣಾರೆ ಕಂಡ ನೋಟವಿದು. ಪೂರ್ತಿ ಮಾಯವಾಗಿದೆ ಎಂದು ಎದೆ ಮುಟ್ಟಿ ಹೇಳಬಲ್ಲ ಊರುಗಳು ಇನ್ನೂ ಕಡಮೆ. ಆ ಹುಡುಗ ಹುಟ್ಟುವಾಗ ಆ ಮಾತನ್ನು ತಂದವನಲ್ಲ. ಅಪ್ಪ ಕರೆದದ್ದನ್ನು ಕೇಳಿ ಕಲಿತವನು. ಹೊಲವನ್ನೂ ಮನೆಯನ್ನೂ ಮಕ್ಕಳಿಗೆ ಬಿಟ್ಟುಹೋಗುವಂತೆ ಮಾತನ್ನೂ ನಾವು ಬಿಟ್ಟುಹೋಗುತ್ತೇವೆ. ಹೊಲಕ್ಕಾದರೆ ಪಾಲುಪಟ್ಟಿ ಬೇಕು; ಮಾತಿಗೆ ಅದೂ ಬೇಡ.

ಹೆಸರಿಗೆ ಕತ್ತರಿ

ಇನ್ನೊಂದು ಸಂಗತಿಯನ್ನು ಗಮನಿಸಿ. ನಮ್ಮ ಹಳ್ಳಿಯ ಹೆಸರುಗಳ ಕೊನೆಯಲ್ಲಿ ಅಯ್ಯ, ಅಪ್ಪ, ಅಣ್ಣ, ಅಮ್ಮ, ಅವ್ವ, ಅಕ್ಕ ಎಂಬ ಮಾತುಗಳು ಇರುತ್ತವೆ. ಕರೆದಾಗಲೆಲ್ಲ ಗೌರವ ತಾನಾಗಿಯೇ ಬರಲೆಂದು ಹೆಸರಿನ ಬಾಲಕ್ಕೇ ಅದನ್ನು ಕಟ್ಟಿಟ್ಟಂತಿದೆ. ಎಷ್ಟು ಸೊಗಸಾದ ಏರ್ಪಾಡು! ಆದರೆ ನಾವು ಮಾಡಿದ್ದೇನು? ಜಮೀನಿದ್ದವನು ತಿಮ್ಮಯ್ಯನವರಾದರೆ, ಜಮೀನಿಲ್ಲದವನು ತಿಮ್ಮನಾದ. ಒಬ್ಬರು ಕರಿಯಪ್ಪನವರು, ಇನ್ನೊಬ್ಬನು ಕರಿಯ. ಒಬ್ಬರು ಲಕ್ಷ್ಮಮ್ಮನವರು, ಇನ್ನೊಬ್ಬಳು ಲಕ್ಷ್ಮಿ, ಅದೂ ಹೋಗಿ ಲಚ್ಚಿ. ತೊಟ್ಟಿಲಲ್ಲಿ ಇಬ್ಬರಿಗೂ ಇಟ್ಟ ಹೆಸರು ಒಂದೇ. ಒಬ್ಬನ ಹೆಸರು ಬೆಳೆಯಿತು, ಇನ್ನೊಬ್ಬನ ಹೆಸರಿಗೆ ಕತ್ತರಿ ಬಿತ್ತು.

ಈಗ ಎಂಟುನೂರು ವರ್ಷಗಳಿಗೂ ಹಿಂದಕ್ಕೆ ಹೋಗಿ. 12ನೆಯ ಶತಮಾನದ ಬಸವಣ್ಣನವರ ಪರಂಪರೆಯ ಶರಣರ ಹೆಸರುಗಳನ್ನು ನೆನೆಸಿಕೊಳ್ಳಿ. ಚರ್ಮದ ಕೆಲಸದ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ. ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ. ದೋಣಿ ನಡೆಸುವ ಅಂಬಿಗರ ಚೌಡಯ್ಯ. ಹಗ್ಗ ಹೊಸೆಯುವ ನುಲಿಯ ಚಂದಯ್ಯ. ಬುಟ್ಟಿ ಹೆಣೆಯುವ ಮೇದರ ಕೇತಯ್ಯ. ನೂಲುವ ಕದಿರ ರೆಮ್ಮವ್ವೆ. ಅಕ್ಕಿ ಆಯುವ ಲಕ್ಕಮ್ಮ, ಅವಳ ಗಂಡ ಮಾರಯ್ಯ. ನಮ್ಮಂತೆ ನೇಗಿಲು ಹಿಡಿದ ಒಕ್ಕಲಿಗ ಮುದ್ದಣ್ಣ. ಕಸುಬಿನ ಹೆಸರು ಮುಂದೆ, ಗೌರವದ ಅಯ್ಯ, ಅಣ್ಣ, ಅಮ್ಮ, ಅವ್ವೆ ಹಿಂದೆ. ಎರಡೂ ಒಟ್ಟಿಗೇ ಇವೆ. ಕಸುಬನ್ನು ಮುಚ್ಚಿಟ್ಟು ಗೌರವ ಕೊಡಲಿಲ್ಲ, ಕಸುಬಿನ ಕಾರಣದಿಂದ ಗೌರವ ಕಿತ್ತುಕೊಳ್ಳಲೂ ಇಲ್ಲ. ಚೆನ್ನಯ್ಯ ಚೆನ್ನಯ್ಯನಾಗಿಯೇ ಉಳಿದ. ಇಷ್ಟು ಶತಮಾನಗಳ ಮೇಲೂ ನಾವು ಪೂಜಿಸುವ ಆ ಹೆಸರುಗಳು ಪೂರ್ತಿಯಾಗಿಯೇ ನಮ್ಮ ಕೈಸೇರಿವೆ. ಅವರನ್ನು ಪೂಜಿಸುವ ನಾವು ನಮ್ಮ ಹೊಲಕ್ಕೆ ಬರುವ ಚೆನ್ನಯ್ಯನನ್ನು ‘ಏ ಚೆನ್ನ’ ಎನ್ನುವುದು ಎಷ್ಟು ಸರಿ?

ಇನ್ನು ಕಾನೂನಿನ ಮಾತು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1989ರ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ, ಪರಿಶಿಷ್ಟ ಜಾತಿ ಮತ್ತು ಪಂಗಡದವರನ್ನು ಬೇರೆಯವರು ಸಾರ್ವಜನಿಕರ ಕಣ್ಣೆದುರಿನ ಜಾಗದಲ್ಲಿ ಬೇಕೆಂದೇ ಅವಮಾನಪಡಿಸುವುದು ಅಪರಾಧ. ಜಾತಿಯ ಹೆಸರು ಹಿಡಿದು ಬೈಯುವುದನ್ನು 2015ರ ತಿದ್ದುಪಡಿ ಹೆಸರಿಟ್ಟೇ ಅಪರಾಧವೆಂದು ಹೇಳಿತು. ಕಾಯಿದೆ ಬೇಕು, ಅದು ಬೇಲಿಯಂತೆ. ಆದರೆ ಬೇಲಿ ಹಾಕಿದ ಮಾತ್ರಕ್ಕೆ ಹೊಲದಲ್ಲಿ ಬೆಳೆ ಬರುವುದಿಲ್ಲ. ಕೆಟ್ಟ ಮಾತಿಗೆ ಕಾಯಿದೆ ಶಿಕ್ಷೆ ಕೊಡಬಹುದು. ಒಳ್ಳೆಯ ಮಾತನ್ನು ನಾವೇ ಬಿತ್ತಬೇಕು.

ಮನೆಯ ಒಳಗಿನ ಮಾತು

ಹೊರಗಿನ ಮಾತಾಯಿತು. ಇನ್ನು ಮನೆಯ ಒಳಕ್ಕೆ ಬರೋಣ. ಮೊದಲು ಕೊಟ್ಟಿಗೆಗೆ ಹೋಗೋಣ, ಏಕೆಂದರೆ ಅಲ್ಲಿಯ ಪಾಠ ನಿಮಗೆಲ್ಲ ಗೊತ್ತಿರತಕ್ಕದ್ದು. ಹಾಲು ಕರೆಯುವ ಹೊತ್ತಿನಲ್ಲಿ ಹಸುವನ್ನು ಗದರಿ, ಹೊಡೆದು, ಬೆದರಿಸಿದರೆ ಅದು ಸೊರ ಬಿಡುವುದಿಲ್ಲ. ಕೆಚ್ಚಲಲ್ಲಿ ಹಾಲಿದ್ದರೂ ಮೇಲಕ್ಕೇರಿಸಿಕೊಳ್ಳುತ್ತದೆ. ಇದರ ಕಾರಣವನ್ನು ಪಶುವೈದ್ಯರು ವಿವರಿಸುತ್ತಾರೆ. ಹಸು ನೆಮ್ಮದಿಯಾಗಿದ್ದು, ಕರು ಬಂದು ಕೆಚ್ಚಲು ಮುಟ್ಟಿದಾಗ ಅಥವಾ ಬೆಚ್ಚನೆಯ ನೀರಿನಲ್ಲಿ ಕೆಚ್ಚಲು ತೊಳೆದಾಗ, ಅದರ ರಕ್ತದಲ್ಲಿ ಆಕ್ಸಿಟೋಸಿನ್ ಎಂಬ ರಸ ಹರಿದು ಹಾಲು ಇಳಿಯುತ್ತದೆ. ಅದು ಕೆಲವೇ ನಿಮಿಷಗಳ ಕೆಲಸ. ಹಸು ಹೆದರಿದರೆ ಅಡ್ರಿನಲಿನ್ ಎಂಬ ಇನ್ನೊಂದು ರಸ ಹರಿದು ಅದನ್ನು ತಡೆದುಬಿಡುತ್ತದೆ. ಮಾತು ಬಾರದ ಹಸುವಿಗೇ ದನಿಯ ಬಿರುಸು ಅಷ್ಟು ತಾಗುವುದಾದರೆ, ಒಂದೊಂದು ಮಾತಿನ ಅರ್ಥವೂ ತಿಳಿಯುವ ಮನುಷ್ಯರಿಗೆ ಎಷ್ಟು ತಾಗೀತು!

ನಮ್ಮ ಸಣ್ಣ ಹುಡುಗನನ್ನೇ ನೋಡಿ. ಲೆಕ್ಕ ತಪ್ಪಿದ ಕೂಡಲೇ ‘ದಡ್ಡ, ನಿನಗೆ ದನ ಕಾಯುವುದೇ ಸರಿ’ ಎನ್ನುತ್ತೇವೆ. ಅವನು ಮಾರನೆಯ ದಿನದಿಂದ ಪ್ರಶ್ನೆ ಕೇಳುವುದನ್ನೇ ಬಿಡುತ್ತಾನೆ. ಗೊತ್ತಿದ್ದ ಉತ್ತರವನ್ನೂ ಒಳಗೇ ಇಟ್ಟುಕೊಳ್ಳುತ್ತಾನೆ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಮನೆಯ ಜಗಲಿಗೆ ಆ ಕಾಯಿದೆ ಬರುವುದಿಲ್ಲ; ಅಲ್ಲಿ ತಂದೆತಾಯಿಗಳೇ ಕಾಯಿದೆ.

ಇನ್ನು ಸೊಸೆಯ ವಿಷಯ. ಇನ್ನೊಂದು ಊರಿನಿಂದ ಬಂದು, ತನ್ನವರನ್ನೆಲ್ಲ ಬಿಟ್ಟು, ನಮ್ಮ ಮನೆಯ ಕಸ ಮುಸುರೆಯಿಂದ ಹಿಡಿದು ಹೊಲದ ಕಳೆಯವರೆಗೆ ದುಡಿಯುವವಳು ಅವಳು. ಅವಳಿಗೆ ಎರಡನೆಯದೂ ಹೆಣ್ಣು ಮಗುವಾದರೆ ಬಾಣಂತಿಯ ಕೋಣೆಯ ಬಾಗಿಲಲ್ಲೇ ಕೊಂಕು ಶುರುವಾಗುತ್ತದೆ. ‘ನಿನ್ನ ಹಣೆಬರಹ’ ಎನ್ನುತ್ತಾರೆ. ಇಲ್ಲಿ ದಯೆ ಮಾತ್ರವಲ್ಲ, ತಿಳಿವಳಿಕೆಯೂ ತಪ್ಪಿದೆ. ಮಗು ಗಂಡೋ ಹೆಣ್ಣೋ ಎಂಬುದು ನಿರ್ಧಾರವಾಗುವುದು ತಂದೆಯ ಕಡೆಯಿಂದ. ತಾಯಿಯ ಅಂಡದಲ್ಲಿ ಇರುವುದು ಎಕ್ಸ್ ಎಂಬ ಒಂದೇ ಬಗೆಯ ವರ್ಣತಂತು. ತಂದೆಯ ವೀರ್ಯಾಣುವಿನಲ್ಲಿ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಇದರಲ್ಲಿ ತಂದೆಯ ಇಚ್ಛೆಯೂ ನಡೆಯುವುದಿಲ್ಲ, ತಾಯಿಯದಂತೂ ಮೊದಲೇ ಇಲ್ಲ. ಮಾಡದ ತಪ್ಪಿಗೆ ದಿನವೂ ಬೈಸಿಕೊಳ್ಳುವುದೆಂದರೆ ಎಂಥ ಕಷ್ಟ! ಮಕ್ಕಳಾಗಲಿಲ್ಲ, ಗಂಡು ಮಗುವಾಗಲಿಲ್ಲ ಎಂದು ಹೆಂಗಸನ್ನು ಹೀಯಾಳಿಸುವುದನ್ನು 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ದೌರ್ಜನ್ಯವೆಂದೇ ಎಣಿಸಿದೆ. ಕೈ ಎತ್ತದಿದ್ದರೂ ನಾಲಿಗೆಯಿಂದ ಹೊಡೆಯಬಹುದೆಂಬುದನ್ನು ಕಾನೂನೂ ಒಪ್ಪಿಕೊಂಡಿದೆ ಎಂದಾಯಿತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮನೆಯ ಈ ಮಾತು ಹೊಸಲು ದಾಟಿ ಸಭೆಗೂ ಬರುತ್ತದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಪಂಚಾಯಿತಿಗಳಲ್ಲಿ ಮೂರರಲ್ಲಿ ಒಂದು ಪಾಲಿಗೆ ಕಡಮೆಯಿಲ್ಲದಷ್ಟು ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಟ್ಟಿತು. ಕರ್ನಾಟಕದಲ್ಲಿ 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಲಾಯಿತು. ಕುರ್ಚಿಯನ್ನು ಕಾನೂನು ಕೊಟ್ಟಿತು. ಆದರೆ ಆ ಸದಸ್ಯೆ ಎದ್ದು ನಿಂತು ನೀರಿನ ಕೊಳಾಯಿಯ ವಿಷಯ ಎತ್ತಿದಾಗ, ‘ನೀನು ಕೂರಮ್ಮ, ನಿನ್ನ ಯಜಮಾನರನ್ನು ಕಳಿಸು’ ಎನ್ನುವವರು ನಾವೇ ಅಲ್ಲವೇ? ದೂರದಿಂದ ಕೊಡ ಹೊತ್ತು ತರುವವಳು ಅವಳು. ಆ ದಾರಿಯ ಉದ್ದ ಅವಳಿಗೆ ಗೊತ್ತಿದ್ದಷ್ಟು ಯಜಮಾನರಿಗೆ ಗೊತ್ತಿಲ್ಲ. ಅವಳ ಬಾಯಿ ಮುಚ್ಚಿಸಿದರೆ ಕೆಡುವುದು ಊರಿನ ಕೆಲಸ.

ಬೆಳೆ ಹೋದವನ ಮನೆಯ ಮುಂದೆ

ಬಂಧುಗಳೇ, ಇಷ್ಟು ಹೊತ್ತು ಹೇಳಿದ್ದಕ್ಕಿಂತಲೂ ಭಾರವಾದ ಒಂದು ವಿಷಯವನ್ನು ಈಗ ಹೇಳಬೇಕು. ಮಳೆ ಕೈಕೊಡುತ್ತದೆ, ಕೊಳವೆ ಬಾವಿ ಬತ್ತುತ್ತದೆ, ಇಲ್ಲವೇ ಬೆಳೆ ಬಂದರೂ ಧಾರಣೆ ಬೀಳುತ್ತದೆ. ಕೈಸಾಲ ಕೊಟ್ಟವನು ಬೀದಿಯಲ್ಲಿ ನಿಂತು ಕೂಗುತ್ತಾನೆ. ಆ ರೈತನಿಗೆ ಸಾಲಕ್ಕಿಂತಲೂ ಹೆಚ್ಚು ನೋವು ಕೊಡುವುದು ಅಕ್ಕಪಕ್ಕದ ಬಾಗಿಲುಗಳಲ್ಲಿ ನಿಂತು ಕೇಳುತ್ತಿರುವ ಕಿವಿಗಳು. ನಮ್ಮ ನಾಡಿನಲ್ಲಿ ಅನೇಕ ರೈತರು ತಮ್ಮ ಜೀವವನ್ನು ತಾವೇ ಕಳೆದುಕೊಂಡಿದ್ದಾರೆ. ಅದಕ್ಕೆ ಕಾರಣಗಳು ಹಲವು. ಯಾವುದೋ ಒಂದೇ ಮಾತಿನ ಮೇಲೆ ಹೊಣೆ ಹೊರಿಸುವುದು ಸರಿಯಲ್ಲ. ಆದರೆ ಕುಗ್ಗಿದವನನ್ನು ಮಾತು ಇನ್ನಷ್ಟು ಕುಗ್ಗಿಸಬಹುದು, ಮಾತೇ ಕೈಹಿಡಿದು ಎತ್ತಲೂಬಹುದು. ಇದರಲ್ಲಿ ಸಂಶಯವಿಲ್ಲ.

ಅಂಥ ಹೊತ್ತಿನಲ್ಲಿ ಆಡಬಾರದ ಮಾತುಗಳು ಯಾವುವು? ಮೊದಲನೆಯದು, ‘ನಾನು ಆಗಲೇ ಹೇಳಿರಲಿಲ್ಲವೇ?’ ಎಂಬುದು. ಇದಕ್ಕಿಂತ ನಿರುಪಯೋಗವಾದ ಮಾತು ಕನ್ನಡದಲ್ಲಿ ಇಲ್ಲ. ಹೋದ ಬೆಳೆ ಅದರಿಂದ ಬರುವುದಿಲ್ಲ. ಎರಡನೆಯದು, ‘ಅವನೂ ನಿನ್ನ ಹಾಗೆ ಬೇಸಾಯಗಾರನೇ, ಅವನು ಹೇಗೆ ಮೇಲೆ ಬಂದ ನೋಡು’ ಎಂಬುದು. ಮೂರನೆಯದು, ‘ಗಂಡಸಾಗಿ ಅಳುತ್ತೀಯಾ?’ ಎಂಬುದು. ಅಳುವುದರಿಂದ ಯಾರೂ ಕೆಡಲಿಲ್ಲ. ಅಳಲು ಜಾಗ ಸಿಗದೆ ಕೆಟ್ಟವರುಂಟು.

ಆಡಬೇಕಾದ ಮಾತು ದೊಡ್ಡದೇನಲ್ಲ. ‘ಊಟ ಆಯಿತೇ? ಬನ್ನಿ, ನಮ್ಮಲ್ಲಿ ಒಂದು ತುತ್ತು ಉಣ್ಣಿ’ ಎನ್ನಬಹುದು. ‘ನಾಳೆ ಬ್ಯಾಂಕಿಗೆ ನಾನೂ ಜೊತೆಗೆ ಬರುತ್ತೇನೆ, ಸಾಲದ ಕಂತನ್ನು ಮುಂದಕ್ಕೆ ಹಾಕಿಕೊಡಲು ಕೇಳೋಣ’ ಎನ್ನಬಹುದು. ಬೆಳೆ ವಿಮೆ ಮಾಡಿಸಿದ್ದು ಆಲಿಕಲ್ಲು ಮಳೆಯಂಥ ಅನಾಹುತದಿಂದ ಹಾನಿಯಾದರೆ 72 ಗಂಟೆಗಳ ಒಳಗೆ ತಿಳಿಸಬೇಕು. ದುಃಖದಲ್ಲಿರುವವನಿಗೆ ಅದು ಮರೆತುಹೋಗುತ್ತದೆ, ನೆರೆಯವನು ನೆನಪಿಸಬಹುದು. ಏನೂ ತೋಚದಿದ್ದರೆ ಜಗಲಿಯ ಮೇಲೆ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಬಹುದು. ಅದೂ ಒಂದು ಮಾತೇ.

ಒಬ್ಬನು ಊಟ ನಿದ್ರೆ ಬಿಟ್ಟಿದ್ದರೆ, ಯಾರೊಡನೆಯೂ ಸೇರದೆ ಇದ್ದರೆ, ‘ಇನ್ನು ನನ್ನಿಂದ ಆಗದು’ ಎಂದು ಪದೇ ಪದೇ ಹೇಳುತ್ತಿದ್ದರೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಒಬ್ಬನೇ ಇರುವಾಗ ಮೆಲ್ಲಗೆ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎಂಬ ಹೆದರಿಕೆ ಬೇಡ. ಕೇಳುವುದರಿಂದ ಮನಸ್ಸಿನ ಭಾರ ಇಳಿಯುತ್ತದೆ ಎಂದೇ ವೈದ್ಯರು ಹೇಳುತ್ತಾರೆ. ಮನೆಯಲ್ಲಿರುವ ಕ್ರಿಮಿನಾಶಕವನ್ನು ಬೀಗದೊಳಗೆ ಇಡಿಸಿ. ಅವನನ್ನು ಒಬ್ಬನೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸೇವೆ ಇದೆ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಹಾಲಿನ ಡೇರಿಯ ಗೋಡೆಯ ಮೇಲೂ ನ್ಯಾಯಬೆಲೆ ಅಂಗಡಿಯ ಬಾಗಿಲ ಮೇಲೂ ದೊಡ್ಡದಾಗಿ ಬರೆಸಿ.

ದಯೆಯೆಂದರೆ ಹಲ್ಲುಗಿಂಜುವುದಲ್ಲ

ಹಾಗಾದರೆ ತಪ್ಪು ಮಾಡಿದವನನ್ನು ತಪ್ಪೆಂದು ಹೇಳಬಾರದೇ ಎಂದು ನೀವು ಕೇಳಬಹುದು. ಖಂಡಿತ ಹೇಳಬೇಕು. ಸಂಘದ ಲೆಕ್ಕದಲ್ಲಿ ಹಣ ಕಡಮೆ ಬಂದರೆ ಕೇಳಲೇಬೇಕು. ಕಾಲುವೆಯ ನೀರನ್ನು ಸರದಿ ತಪ್ಪಿಸಿ ಕಟ್ಟಿಕೊಂಡರೆ ತಡೆಯಲೇಬೇಕು. ಮುಲಾಜಿಗೆ ಸುಮ್ಮನಿರುವುದು ದಯೆಯಲ್ಲ, ಹೇಡಿತನ. ಎದುರಿಗೆ ಸಕ್ಕರೆಯಂತೆ ಆಡಿ ಹಿಂದೆ ಚಾಡಿ ಹೇಳುವುದಂತೂ ದಯೆಗೆ ಹಗೆ. ದಯೆಯ ಮಾತೆಂದರೆ ಸತ್ಯವನ್ನು ಬಿಟ್ಟ ಮಾತಲ್ಲ; ಸತ್ಯವನ್ನು ಎದುರಿನವನು ಎತ್ತಿಕೊಳ್ಳಲು ಆಗುವ ಹಾಗೆ ಕೊಡುವುದು. ಕುಡುಗೋಲನ್ನು ಇನ್ನೊಬ್ಬರ ಕೈಗೆ ಕೊಡುವಾಗ ಹಿಡಿಯ ಕಡೆಯಿಂದ ಕೊಡುತ್ತೇವಲ್ಲವೇ? ಹಾಗೆ.

ಇದಕ್ಕೆ ನಾಲ್ಕು ಕಟ್ಟುಪಾಡುಗಳನ್ನು ಇಟ್ಟುಕೊಳ್ಳಬಹುದು. ಒಂದು, ಮಾಡಿದ ಕೆಲಸವನ್ನು ಬೈಯಿರಿ, ಹುಟ್ಟನ್ನು ಬೈಯಬೇಡಿ. ‘ನೀವು ನೀರು ತಿರುಗಿಸಿದ್ದು ತಪ್ಪು’ ಎನ್ನಿ. ‘ನಿಮ್ಮ ವಂಶವೇ ಅಂಥದ್ದು’ ಎನ್ನಬೇಡಿ. ಮೊದಲನೆಯ ಮಾತಿಗೆ ಉತ್ತರವುಂಟು, ತಿದ್ದಿಕೊಳ್ಳಲು ದಾರಿಯುಂಟು. ಎರಡನೆಯದಕ್ಕೆ ಉಳಿಯುವುದು ದೊಣ್ಣೆ ಒಂದೇ. ಎರಡು, ಪಕ್ಕಕ್ಕೆ ಕರೆದು ಹೇಳಿ. ನಾಲ್ಕು ಜನರ ಮುಂದೆ, ಅದರಲ್ಲೂ ಅವನ ಮಕ್ಕಳ ಮುಂದೆ ಹೇಳಬೇಡಿ. ಮೊಬೈಲಿನ ಗುಂಪಿನಲ್ಲಿ ಹಾಕುವುದೂ ಊರ ನಡುವೆ ನಿಂತು ಕೂಗಿದಂತೆಯೇ. ಮೂರು, ಇವತ್ತಿನ ವಿಷಯವನ್ನು ಇವತ್ತೇ ಹೇಳಿ ಮುಗಿಸಿ. ಹತ್ತು ವರ್ಷದ ಹಳೆಯ ಸಂಗತಿಗಳನ್ನು ಕೊಡಕ್ಕೆ ನೀರು ಸೇದಿದಂತೆ ಸೇದಬೇಡಿ. ನಾಲ್ಕು, ಒಬ್ಬನ ಅಂಗದ ಊನವನ್ನೂ ಕಾಯಿಲೆಯನ್ನೂ ಹೆಸರಾಗಿ ಮಾಡಿ ಕರೆಯಬೇಡಿ. ಕುಂಟ, ಕುರುಡ, ಮೂಗ, ಹುಚ್ಚ ಎಂದು ಕರೆಯುತ್ತೇವಲ್ಲ, ಅವರಿಗೂ ತೊಟ್ಟಿಲಲ್ಲಿ ಇಟ್ಟ ಹೆಸರುಂಟು.

ಬದುವಿನ ವ್ಯಾಜ್ಯಗಳನ್ನು ನೋಡಿ. ಒಂದು ಗೇಣು ಅಗಲದ ನೆಲ. ಅದರಲ್ಲಿ ಬೆಳೆಯುವುದು ನಾಲ್ಕು ಬೊಗಸೆ ಧಾನ್ಯ. ಸರ್ವೆಯವರನ್ನು ಕರೆಸಿ ಸರಪಳಿ ಹಿಡಿಸಿದರೆ ತೀರುವ ವಿಷಯ. ಆದರೆ ಬದುವಿನ ಮೇಲೆ ನಿಂತು ಆಡಿದ ಒಂದು ಕೆಟ್ಟ ಮಾತಿನಿಂದ ಅದು ಕೋರ್ಟಿಗೆ ಹೋಗುತ್ತದೆ. ಆಮೇಲೆ ನೆಲ ಸಿಕ್ಕಿದರೂ ಸಾಕಾಗುವುದಿಲ್ಲ, ಏಕೆಂದರೆ ಮನಸ್ಸು ಕೇಳುತ್ತಿರುವುದು ನೆಲವನ್ನಲ್ಲ. ಅಂದು ಅವನು ಆಡಿದ ಮಾತಿಗೆ ಉತ್ತರವನ್ನು. ಅಣ್ಣತಮ್ಮಂದಿರು ಹೀಗೆ ವಾಯಿದೆಯಿಂದ ವಾಯಿದೆಗೆ ಬಸ್ಸಿನಲ್ಲಿ ಓಡಾಡಿ ಮುದುಕರಾದದ್ದುಂಟು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಾಳೆಯಿಂದ ಏನು ಮಾಡೋಣ?

ಭಾಷಣ ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋದರೆ ಏನೂ ಪ್ರಯೋಜನವಿಲ್ಲ. ಹೊಸ ಬೀಜವನ್ನು ಮೊದಲು ಒಂದು ಮಡಿಯಲ್ಲಿ ಹಾಕಿ ನೋಡುವಂತೆ ಇದನ್ನೂ ಮಾಡಿ ನೋಡಬೇಕು. ಮೂರೇ ಕೆಲಸಗಳನ್ನು ಹೇಳುತ್ತೇನೆ.

ನಾಳೆ ಬೆಳಿಗ್ಗೆ ಹೊಲಕ್ಕೆ ಕೆಲಸಕ್ಕೆ ಬರುವವರನ್ನು, ಗಂಡಸರಾಗಲಿ ಹೆಂಗಸರಾಗಲಿ, ಪೂರ್ತಿ ಹೆಸರು ಹಿಡಿದು ಕರೆಯಿರಿ. ಪೂರ್ತಿ ಹೆಸರು ಗೊತ್ತಿಲ್ಲದಿದ್ದರೆ ಅವರನ್ನೇ ಕೇಳಿ. ಎಷ್ಟೋ ವರ್ಷ ನಮ್ಮ ಹೊಲದಲ್ಲಿ ದುಡಿದವರ ಪೂರ್ತಿ ಹೆಸರು ನಮಗೆ ಗೊತ್ತಿಲ್ಲದೆ ಇರುವುದುಂಟು. ಮೊದಲ ದಿನ ಅವರಿಗೂ ಸಂಕೋಚ, ನಮಗೂ ಸಂಕೋಚ. ಹೊಸ ನೊಗಕ್ಕೆ ಎತ್ತಿನ ಹೆಗಲು ಹೊಂದಿಕೊಳ್ಳುವಂತೆ ನಾಲಿಗೆಯೂ ಕೆಲವು ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಕೂಲಿ ಕೊಡುವಾಗ ಎಸೆಯದೆ ಕೈಯಲ್ಲಿ ಕೊಡಿ. ಹೊತ್ತಿಗೆ ಸರಿಯಾಗಿ ಕೊಡಿ. ಕೂಲಿ ತಡಮಾಡಿ ಮಾತನ್ನು ಮಾತ್ರ ಸಿಹಿಮಾಡಿದರೆ ಅದು ಮೋಸವಾಗುತ್ತದೆ.

ಎರಡನೆಯದಾಗಿ, ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ, ಆ ದಿನ ಕೆಲಸ ಮಾಡಿದವರಿಗೆ ಒಂದು ಒಳ್ಳೆಯ ಮಾತು ಹೇಳಿ. ಸಾರು ಚೆನ್ನಾಗಿದೆ ಎಂದು ಹೇಳಿದರೆ ಗಂಡಸಿನ ಗೌರವವೇನೂ ಕಡಮೆಯಾಗುವುದಿಲ್ಲ. ಉಪ್ಪು ಹೆಚ್ಚಾದ ದಿನ ತಪ್ಪದೆ ಬಾಯಿ ತೆರೆಯುವ ನಾವು, ಸರಿಯಾದ ದಿನವೂ ತೆರೆಯಬೇಕಾದದ್ದು ನ್ಯಾಯ.

ಮೂರನೆಯದಾಗಿ, ನಿಮ್ಮ ಬೀದಿಯಲ್ಲಿ ಈ ವರ್ಷ ಬೆಳೆ ಕಳೆದುಕೊಂಡವರು, ಸಾಲಕ್ಕೆ ಸಿಕ್ಕಿದವರು, ಮನೆಯವರನ್ನು ಕಳೆದುಕೊಂಡವರು ಯಾರಾದರೂ ಇದ್ದರೆ, ಈ ವಾರದಲ್ಲಿ ಒಂದು ಸಲ ಅವರ ಬಾಗಿಲಿಗೆ ಹೋಗಿ. ಬುದ್ಧಿ ಹೇಳಲು ಹೋಗಬೇಡಿ. ಹೇಗಿದ್ದೀರಿ ಎಂದು ಕೇಳಿ, ಅವರು ಹೇಳುವಷ್ಟು ಹೊತ್ತು ಕೇಳಿಸಿಕೊಂಡು ಬನ್ನಿ.

ಈ ಕೆಲಸಕ್ಕೆ ಮಳೆಯ ಹಂಗಿಲ್ಲ. ಬಿತ್ತನೆಗೆ ಹದ ಕಾಯಬೇಕಾಗಿಲ್ಲ. ಫಲ ಬಂದಾಗ ತೂಗಲು ತಕ್ಕಡಿ ಸಾಲದು, ಆದರೆ ಬಂದದ್ದು ತಿಳಿಯುತ್ತದೆ. ನಿಮ್ಮ ಮಗನು ಕೆಲಸದ ಮುದುಕನನ್ನು ‘ಅಯ್ಯ, ಬನ್ನಿ’ ಎಂದು ಕರೆದ ದಿನ, ಕೊಂಕಿಗೆ ಹೆದರಿ ಸುಮ್ಮನಿದ್ದ ಸೊಸೆ ನಡುಮನೆಯಲ್ಲಿ ನಕ್ಕ ದಿನ, ಹೋದ ವರ್ಷ ಕುಗ್ಗಿದ್ದವನು ಈ ವರ್ಷ ಕೂರಿಗೆ ಹೂಡಿದ ದಿನ, ಅದು ಬೆಳೆ ಕೈಗೆ ಬಂದ ದಿನ.